ಗದ್ದಲವೇ ಪ್ರಭಾವನೆಯೆ?

ಉತ್ತರ ಕನ್ನಡ ಜಿಲ್ಲೆಯ ಜೊಯಿಡಾ ತಾಲ್ಲೂಕು ಕರ್ನಾಟಕದ ಅತ್ಯಂತ ವಿರಳ ಜನವಸತಿಯ ಪ್ರದೇಶಗಳಲ್ಲಿ ಒಂದು. ಕಾಳಿ ನದಿ ಹುಟ್ಟುವುದು ಇದೇ ತಾಲ್ಲೂಕಿನ ಡಿಗ್ಗಿಯ ಬಳಿ. ಹಿಂದೆ ತಾಲ್ಲೂಕಿನ ಕೇಂದ್ರವಾಗಿದ್ದ ಸೂಪಾ ಊರು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿಹೋದ ಮೇಲೆ ಕಚೇರಿಗಳೆಲ್ಲ ಜೊಯಿಡಾದಲ್ಲಿ ನೆಲೆಗೊಂಡವು. 2011ರ ಜನಗಣತಿಯಂತೆ ಇಷ್ಟು ವಿಸ್ತಾರವಾದ ತಾಲ್ಲೂಕಿನ ಜನಸಂಖ್ಯೆ ಐವತ್ತು ಸಾವಿರಕ್ಕಿಂತ ತುಸು ಹೆಚ್ಚು ಮಾತ್ರ. ಉಳಿದುದೆಲ್ಲ ಕಾಡು. 1956ರಲ್ಲಿ ದಾಂಡೇಲಿ ಅಭಯಾರಣ್ಯ, 1987ರಲ್ಲಿ ಅಣಶಿ ರಾಷ್ಟ್ರೀಯ ಉದ್ಯಾನ, 2007ರಲ್ಲಿ ಇವೆರಡೂ ಸೇರಿ ಹುಲಿ ಸಂರಕ್ಷಿತ ಪ್ರದೇಶ, 2015ರಿಂದ ಅದಕ್ಕೆ ಕಾಳಿ ನದಿಯ ಹೆಸರು. ಹೀಗೆ ಸರಕಾರವೇ ಮನುಷ್ಯನಿಗೆ ಇಲ್ಲಿ ಮೆತ್ತಗೆ ಹೆಜ್ಜೆ ಇಡು ಎಂದು ಮೇಲಿಂದ ಮೇಲೆ ಹೇಳಿದೆ.

ಈ ಕಾಡಿಗೆ ಈಗ ಶನಿವಾರ ಬಂತೆಂದರೆ ಹುಬ್ಬಳ್ಳಿ, ಧಾರವಾಡ, ಬೆಳಗಾವಿಗಳಿಂದ, ಗೋವೆಯಿಂದ, ಬೆಂಗಳೂರಿನಿಂದ ವಾಹನಗಳು ಸಾಲುಗಟ್ಟುತ್ತವೆ. ಗಣೇಶಗುಡಿಯ ಸುತ್ತಮುತ್ತ ರೆಸಾರ್ಟುಗಳೂ ಹೋಂಸ್ಟೇಗಳೂ ತಲೆಯೆತ್ತಿವೆ. ಬರುವವರಲ್ಲಿ ಜೈನ ಕುಟುಂಬಗಳೂ ಇವೆ. ಅವರ ಆಹಾರನಿಷ್ಠೆ ಮೆಚ್ಚತಕ್ಕದ್ದೇ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಕೂಡದೆಂದು ಮುಂಚಿತವಾಗಿಯೇ ತಿಳಿಸಿರುತ್ತಾರೆ. ನೀರನ್ನು ಸೋಸಿಯೇ ಕುಡಿಯುತ್ತಾರೆ. ಸೂರ್ಯಾಸ್ತದೊಳಗೆ ಊಟ ಮುಗಿಸುತ್ತಾರೆ. ಊಟ ಮುಗಿದ ಮೇಲೆ ಏನು? ಅಂಗಳದಲ್ಲಿ ಧ್ವನಿಪೆಟ್ಟಿಗೆ ಬರುತ್ತದೆ. ಹಾಡು, ಕುಣಿತ, ಬಹುಮಾನದ ಆಟ, ಗುಂಪಿನಲ್ಲಿ ಸುಮ್ಮನೆ ಕುಳಿತವನನ್ನು ಕೈಹಿಡಿದು ಎಳೆತರುವ ಆಟ. ನೀರಿನಲ್ಲಿರಬಹುದಾದ ಕಣ್ಣಿಗೆ ಕಾಣದ ಜೀವಿಗೆ ತೋರಿದ ಕರುಣೆ, ನೂರು ಮಾರು ದೂರದ ಮರದಲ್ಲಿ ಕಣ್ಣಿಗೆ ಕಾಣುವಂತೆಯೇ ಕುಳಿತ ಜೀವಿಗೆ ದೊರೆಯುವುದಿಲ್ಲ.

ಕಾಳಿಯ ಕಣಿವೆ ಮಂಗಟ್ಟೆ ಹಕ್ಕಿಗಳಿಗೆ ಹೆಸರಾದದ್ದು. ಬೇಸಿಗೆಗೆ ಮುನ್ನ ಹೆಣ್ಣು ಮಂಗಟ್ಟೆ ದೊಡ್ಡ ಮರದ ಪೊಟರೆಯನ್ನು ಹೊಕ್ಕು, ಕೊಕ್ಕು ಹಿಡಿಸುವಷ್ಟೇ ಸೀಳು ಬಿಟ್ಟು ಬಾಯಿಯನ್ನು ಮುಚ್ಚಿಕೊಳ್ಳುತ್ತದೆ. ಮೊಟ್ಟೆಯಿಟ್ಟು ಮರಿ ಬೆಳೆಯುವ ತನಕ ವಾರಗಟ್ಟಲೆ ಅದಕ್ಕೆ ಆ ಕತ್ತಲೆಯೇ ಲೋಕ. ಗಂಡು ತಂದು ಸೀಳಿನಲ್ಲಿ ಇಟ್ಟ ಹಣ್ಣೇ ಆಹಾರ. ಗಂಡು ಬೆದರಿ ದೂರ ಸರಿದರೆ ಒಳಗಿರುವ ತಾಯಿಯೂ ಮರಿಯೂ ಹಸಿಯಬೇಕು. ಮದುವೆ, ಪ್ರವಾಸ, ರಜೆಗಳ ಕಾಲವೂ ಅದೇ. ಪ್ರಾಣಿಗಳಿಗೆ ತೊಂದರೆಯಾಗುವ ಕೆಲಸವನ್ನು ಕೈ ಮಾಡಿದರೆ ಹಿಂಸೆ, ಧ್ವನಿಪೆಟ್ಟಿಗೆ ಮಾಡಿದರೆ ಮನರಂಜನೆ ಎಂಬ ವಿಂಗಡಣೆ ಯಾವ ಶ್ರಾವಕಾಚಾರದಲ್ಲಿಯೂ ಇಲ್ಲ.

ರೆಸಾರ್ಟಿನ ಮಾಲಿಕನನ್ನು ದೂರಿ ಪ್ರಯೋಜನವಿಲ್ಲ. ಅವನು ಕೇಳಿದವರಿಗೆ ಕೇಳಿದ್ದನ್ನು ಒದಗಿಸುವ ವ್ಯಾಪಾರಿ. ಹತ್ತು ಜನ ಕೂಡಿದಲ್ಲಿ ಗದ್ದಲವಿರಲೇಬೇಕು, ಇಲ್ಲದಿದ್ದರೆ ಕೂಟವೇ ಸಪ್ಪೆ ಎಂಬ ಪಾಠವನ್ನು ಈ ಕುಟುಂಬಗಳು ಕಾಡಿಗೆ ಬಂದು ಕಲಿತದ್ದಲ್ಲ. ತಮ್ಮ ಊರಿನ ಬಸದಿಯಲ್ಲಿ ಕಲಿತದ್ದು. ಆದುದರಿಂದ ಪ್ರಶ್ನೆ ಕೇಳಬೇಕಾದದ್ದು ಬಸದಿಯ ಟ್ರಸ್ಟುಗಳನ್ನೇ.

ಇಂದು ಒಂದು ಸಾಧಾರಣ ಊರಿನ ಪಂಚಕಲ್ಯಾಣವನ್ನೋ ದಶಲಕ್ಷಣ ಪರ್ವವನ್ನೋ ಗಮನಿಸಿದರೆ ಸಾಕು. ಬೆಳಗಿನ ಅಭಿಷೇಕಕ್ಕೆ ಮೊದಲೇ ಧ್ವನಿವರ್ಧಕ ಎಚ್ಚರಗೊಳ್ಳುತ್ತದೆ. ಕಲಶಕ್ಕೆ ಸವಾಲು, ಆರತಿಗೆ ಸವಾಲು, ಚಾಮರ ಬೀಸುವುದಕ್ಕೂ ಸವಾಲು. ಒಂದೊಂದು ಏರುಬೆಲೆಯನ್ನೂ ಇಡೀ ಓಣಿಗೆ ಕೇಳಿಸುವಂತೆ ಕೂಗಲಾಗುತ್ತದೆ. ಗರ್ಭಗುಡಿಯ ಮುಂದೆ ಜಪಕ್ಕೆಂದು ಕುಳಿತ ವೃದ್ಧೆಯೊಬ್ಬರ ಕೈಯ ಮಾಲೆ ಯಾವ ಮಣಿಯಲ್ಲಿ ನಿಂತಿತೋ ಕೇಳುವವರಿಲ್ಲ. ಸಂಜೆಗೆ ಸಾಂಸ್ಕೃತಿಕ ಕಾರ್ಯಕ್ರಮ, ಸನ್ಮಾನ, ಹಾರತುರಾಯಿ, ಪ್ರಾಸ್ತಾವಿಕ ಭಾಷಣ, ಅಧ್ಯಕ್ಷೀಯ ಭಾಷಣ, ವಂದನಾರ್ಪಣೆ. ಒಂಬತ್ತನೆಯ ದಿನ ಉತ್ತಮ ಆಕಿಂಚನ್ಯ, ಅಂದರೆ ನನ್ನದೆಂಬುದು ಏನೂ ಇಲ್ಲವೆಂಬ ಧರ್ಮ. ಆ ದಿನವೂ ದಾನಿಗಳ ಹೆಸರನ್ನೂ ಅವರ ತಂದೆತಾಯಿಗಳ ಹೆಸರನ್ನೂ ಅಂಗಡಿಯ ಹೆಸರನ್ನೂ ಮೂರು ಮೂರು ಬಾರಿ ಸಾರಲಾಗುತ್ತದೆ. ಇತ್ತೀಚಿನ ವರ್ಷಗಳಲ್ಲಿ ಮೊಬೈಲು ಹಿಡಿದು ಅಭಿಷೇಕವನ್ನು ನೇರಪ್ರಸಾರ ಮಾಡುವವರ ಓಡಾಟವೂ ಸೇರಿದೆ. ಕ್ಷಮಾವಾಣಿಯ ದಿನ ಒಂದೇ ಗುಂಡಿಯೊತ್ತಿ ಐನೂರು ಮಂದಿಗೆ ಕ್ಷಮೆ ಕೇಳುವ ಶ್ರಾವಕನಿಗೆ, ನಿಜವಾಗಿ ಯಾರ ಕ್ಷಮೆ ಬೇಕೋ ಅವರ ಮನೆಯ ಬಾಗಿಲಿಗೆ ಹೋಗಿ ಒಂದು ಮಾತನ್ನು ಮೆಲ್ಲನೆ ಆಡಲು ಬಿಡುವಿಲ್ಲ.

ದಶಲಕ್ಷಣದ ಹತ್ತು ದಿನಗಳಲ್ಲಿ ದಿನಕ್ಕೊಂದರಂತೆ ತತ್ತ್ವಾರ್ಥಸೂತ್ರದ ಹತ್ತು ಅಧ್ಯಾಯಗಳನ್ನು ವಿವರಿಸುವ ಪದ್ಧತಿ ಬಹಳ ಕಡೆ ಇದೆ. ಏಳನೆಯ ದಿನ ಏಳನೆಯ ಅಧ್ಯಾಯ ಬರುತ್ತದೆ. ಶ್ರಾವಕನ ವ್ರತಗಳಿಗೆ ತಗಲಬಹುದಾದ ಅತಿಚಾರಗಳನ್ನು ಉಮಾಸ್ವಾಮಿಗಳು ಎಣಿಸಿ ಹೇಳಿರುವುದು ಅಲ್ಲಿಯೇ. ಅನರ್ಥದಂಡವಿರತಿ, ಅಂದರೆ ನಿಷ್ಪ್ರಯೋಜಕವಾದ ಪಾಪಕಾರ್ಯಗಳಿಂದ ದೂರವಿರುವ ವ್ರತ. ಅದಕ್ಕೆ ಐದು ಅತಿಚಾರಗಳು. ಅವುಗಳಲ್ಲಿ ಒಂದರ ಹೆಸರು ಮೌಖರ್ಯ: ಹಿಂದುಮುಂದಿಲ್ಲದೆ, ಬೇಕೋ ಬೇಡವೋ ನೋಡದೆ, ಸುಮ್ಮನೆ ಮಾತನಾಡುತ್ತಲೇ ಇರುವುದು. ವಾಚಾಳಿತನವನ್ನು ಗುಣವೆಂದು ಎಣಿಸುವ ಈ ಕಾಲಕ್ಕೆ ಇದಕ್ಕಿಂತ ಅಪ್ರಿಯವಾದ ಮಾತು ಶಾಸ್ತ್ರದಲ್ಲಿ ಸಿಗಲಾರದು. ಅದನ್ನೂ ಈಗ ಧ್ವನಿವರ್ಧಕದಲ್ಲಿ ಒಂದೂವರೆ ಗಂಟೆ ವಿವರಿಸಲಾಗುತ್ತದೆ.

ಇನ್ನು ಒಂಬತ್ತನೆಯ ಅಧ್ಯಾಯ. ಬಾಹ್ಯ ತಪಸ್ಸುಗಳು ಆರು. ಉಪವಾಸವನ್ನು ಎಲ್ಲರೂ ಬಲ್ಲರು. ಉಪವಾಸ ಮಾಡಿದವರ ಮೆರವಣಿಗೆಯನ್ನೂ ಬಲ್ಲರು. ಆ ಆರರಲ್ಲಿಯೇ ವಿವಿಕ್ತಶಯ್ಯಾಸನವೆಂಬುದೊಂದಿದೆ. ಜನಸಂಚಾರವಿಲ್ಲದ, ಯಾವ ಜೀವಿಗೂ ಬಾಧೆಯಾಗದ ಏಕಾಂತ ಸ್ಥಳದಲ್ಲಿ ಕುಳಿತುಕೊಳ್ಳುವುದು, ಮಲಗುವುದು. ಎಂಟು ದಿನ ಅನ್ನ ಬಿಟ್ಟವನನ್ನು ಸಮಾಜವು ಹೊತ್ತು ಮೆರೆಸುತ್ತದೆ. ಎಂಟು ದಿನ ಜನಸಂಗವನ್ನು ಬಿಟ್ಟು ಒಬ್ಬನೇ ಇದ್ದವನನ್ನು ವೈದ್ಯರಿಗೆ ತೋರಿಸಿರೆಂದು ಸಲಹೆ ಕೊಡುತ್ತದೆ. ಎರಡೂ ಒಂದೇ ಸೂತ್ರದಲ್ಲಿ ಹೇಳಿದ ತಪಸ್ಸುಗಳೆಂಬುದು ಯಾರ ನೆನಪಿಗೂ ಬರುವುದಿಲ್ಲ. ಮುನಿಗಳಿಗೆ ಹೇಳಿದ ತಪಸ್ಸು ಶ್ರಾವಕನಿಗೆ ಅನ್ವಯಿಸದೆಂದು ಯಾರಾದರೂ ಅಂದರೆ, ಉಪವಾಸವನ್ನೂ ಅದೇ ನ್ಯಾಯದಿಂದ ಬಿಡಬೇಕಾದೀತು.

ಗದ್ದಲದ ಪರವಾಗಿ ಸಾಮಾನ್ಯವಾಗಿ ಮುಂದಿಡುವ ವಾದ ಒಂದೇ: ಇದು ಧರ್ಮಪ್ರಭಾವನೆ. ಜನಕ್ಕೆ ಕೇಳಿಸಬೇಕು, ಕಾಣಿಸಬೇಕು, ಇಲ್ಲದಿದ್ದರೆ ಅಲ್ಪಸಂಖ್ಯಾತವಾದ ಸಮಾಜ ಮರೆಯಾಗಿಬಿಡುತ್ತದೆ. ಸಮ್ಯಕ್ತ್ವದ ಎಂಟು ಅಂಗಗಳಲ್ಲಿ ಪ್ರಭಾವನೆಯೂ ಒಂದೆಂಬುದು ನಿಜವೇ. ಅದರ ಅರ್ಥವನ್ನು ಸಮಂತಭದ್ರ ಆಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸ್ಪಷ್ಟವಾಗಿ ಹೇಳಿದ್ದಾರೆ: ವ್ಯಾಪಿಸಿರುವ ಅಜ್ಞಾನದ ಕತ್ತಲೆಯನ್ನು ನೀಗಿಸಿ ಜಿನಶಾಸನದ ಮಹಿಮೆಯನ್ನು ಬೆಳಗಿಸುವುದು. ಯಾವ ಓಣಿಯ ಅಜ್ಞಾನ ಸವಾಲಿನ ಕೂಗಿನಿಂದ ನೀಗಿದೆ? ಬೆಳಗಿನ ಜಾವ ನಿದ್ದೆಗೆಟ್ಟ ನೆರೆಮನೆಯವನಿಗೆ ಜಿನಶಾಸನದ ಯಾವ ಮಹಿಮೆ ಬೆಳಗಿದೆ? ಅವನಿಗೆ ತಿಳಿದದ್ದು ಒಂದೇ, ಜೈನರೂ ಇತರರಂತೆಯೇ ಎಂಬುದು.

ಮಹಾವೀರ ಸ್ವಾಮಿಯ ಚರಿತ್ರೆಯನ್ನೇ ನೋಡಬಹುದು. ದೀಕ್ಷೆಯಿಂದ ಕೇವಲಜ್ಞಾನದವರೆಗೆ ಹನ್ನೆರಡು ವರ್ಷಗಳಿಗೂ ಮಿಕ್ಕಿದ ಕಾಲ ಮೌನದಲ್ಲಿ ಕಳೆಯಿತು. ಋಜುಕೂಲಾ ನದಿಯ ದಡದಲ್ಲಿ ಕೇವಲಜ್ಞಾನವಾಯಿತು, ಸಮವಸರಣವೂ ರಚನೆಯಾಯಿತು, ಆದರೂ ದಿವ್ಯಧ್ವನಿ ಹೊರಡಲಿಲ್ಲ. ದಿಗಂಬರ ಪರಂಪರೆ ಹೇಳುವಂತೆ 66 ದಿನ ಹೊರಡಲಿಲ್ಲ. ಅದನ್ನು ಧರಿಸಬಲ್ಲ ಗಣಧರನಿರಲಿಲ್ಲ ಎಂಬುದೇ ಕಾರಣ. ಇಂದ್ರಭೂತಿ ಗೌತಮನು ಬಂದ ಮೇಲೆ ವಿಪುಲಾಚಲದಲ್ಲಿ, ಶ್ರಾವಣ ಕೃಷ್ಣ ಪ್ರತಿಪದೆಯಂದು, ಮೊದಲ ಉಪದೇಶವಾಯಿತು. ಆ ದಿನವನ್ನೇ ವೀರಶಾಸನ ಜಯಂತಿಯೆಂದು ಆಚರಿಸಲಾಗುತ್ತದೆ. ಸರ್ವಜ್ಞನೇ ಯೋಗ್ಯ ಶ್ರೋತೃವಿಗಾಗಿ ಅರವತ್ತಾರು ದಿನ ಕಾದನೆಂಬ ಕಥೆಯನ್ನು ತನ್ನದೆಂದು ಹೇಳಿಕೊಳ್ಳುವ ಸಮಾಜ, ಖಾಲಿ ಕುರ್ಚಿಗಳ ಮುಂದೆ ಧ್ವನಿವರ್ಧಕ ಹಚ್ಚಿ, ಬರುವವರು ಬೇಗ ಬಂದು ಆಸನ ಸ್ವೀಕರಿಸಬೇಕೆಂದು ಗಂಟೆಗಟ್ಟಲೆ ಕೂಗುತ್ತದೆ.

ಹಾಗೆಂದು ಹಬ್ಬವೇ ಬೇಡವೆ? ವಾದ್ಯವೇ ಬೇಡವೆ? ಅಂಥ ಒಣ ನಿಲುವು ಜೈನ ಪರಂಪರೆಯದಲ್ಲ. ಈ ಪ್ರಶ್ನೆಗೆ ಉತ್ತರ ಜೊಯಿಡಾದ ನೆರೆಯಲ್ಲಿಯೇ ಇದೆ. ಜೊಯಿಡಾಕ್ಕೆ ಹೊಂದಿಕೊಂಡಿರುವ ಖಾನಾಪುರ ತಾಲ್ಲೂಕಿನ ಹಲಸಿ, ಹಿಂದಿನ ಪಲಾಶಿಕಾ, ಕದಂಬರ ಪ್ರಮುಖ ನಗರಗಳಲ್ಲಿ ಒಂದಾಗಿತ್ತು. ಕದಂಬ ಮೃಗೇಶವರ್ಮನು ಅಲ್ಲಿ ತನ್ನ ತಂದೆಯ ನೆನಪಿಗೆ ಜಿನಾಲಯವನ್ನು ಕಟ್ಟಿಸಿ ಯಾಪನೀಯ, ನಿರ್ಗ್ರಂಥ, ಕೂರ್ಚಕರಿಗೆ ಭೂಮಿಯನ್ನು ಕೊಟ್ಟನು. ಅವನ ಮಗ ರವಿವರ್ಮನ ಕಾಲದ ತಾಮ್ರಪಟವೊಂದು ಜೈನರಿಗೆ ಕೊಟ್ಟ ಗ್ರಾಮದ ಉತ್ಪನ್ನವನ್ನು ಯಾವುದಕ್ಕೆ ಬಳಸಬೇಕೆಂದು ವಿಧಿಸುತ್ತದೆ. ಕಾರ್ತಿಕ ಪೂರ್ಣಿಮೆಯ ಹೊತ್ತಿಗೆ ಪ್ರತಿವರ್ಷ ಎಂಟು ದಿನ ಜಿನೇಂದ್ರನ ಮಹಿಮೆಯ ಉತ್ಸವ ನಡೆಯಬೇಕು. ಮಳೆಗಾಲದ ನಾಲ್ಕು ತಿಂಗಳು ತಪಸ್ವಿಗಳ ಪೋಷಣೆ ಆಗಬೇಕು. ಸುಮಾರು ಸಾವಿರದ ಐನೂರು ವರ್ಷಗಳ ಹಿಂದಿನ ಈ ಶಾಸನಕ್ಕಿಂತ ಉತ್ತಮವಾದ ಆಯವ್ಯಯ ಪತ್ರಿಕೆ ಇಂದಿನ ಯಾವ ಟ್ರಸ್ಟಿನ ಬಳಿಯೂ ಇರಲಾರದು. ಎಂಟು ದಿನ ಉತ್ಸವ. ನಾಲ್ಕು ತಿಂಗಳು ನಿಂತಲ್ಲಿ ನಿಂತು, ಕಡಮೆ ನಡೆದು, ಕಡಮೆ ನುಡಿದು, ತನ್ನೊಳಗೆ ತಾನಿರುವವರಿಗೆ ಆಸರೆ. ಎರಡಕ್ಕೂ ಸ್ಥಾನವಿದೆ, ಆದರೆ ಅಳತೆ ಸ್ಪಷ್ಟವಾಗಿದೆ.

ಆ ಅಳತೆ ಈಗ ತಲೆಕೆಳಗಾಗಿದೆ. ಚಾತುರ್ಮಾಸವೆಂಬುದು ಹುಟ್ಟಿದ್ದೇ ಮಳೆಗಾಲದಲ್ಲಿ ನೆಲದ ತುಂಬ ಹುಟ್ಟುವ ಸೂಕ್ಷ್ಮಜೀವಿಗಳನ್ನು ತುಳಿಯದಿರಲಿ ಎಂದು. ಜೊಯಿಡಾದಂಥ ಮಲೆಯ ಸೀಮೆಯಲ್ಲಿ ಆಷಾಢದಲ್ಲಿ ಒಮ್ಮೆ ನಿಂತು ನೋಡಿದವನಿಗೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ. ಕಲ್ಲಿನ ಮೇಲೂ ಹಸಿರು, ಹಸಿರಿನ ಮೇಲೂ ಜೀವ. ಆದರೆ ಇಂದಿನ ಚಾತುರ್ಮಾಸವು ವರ್ಷದ ಅತ್ಯಂತ ಸದ್ದಿನ ಕಾಲ. ಮಂಗಲ ಪ್ರವೇಶಕ್ಕೆ ಬ್ಯಾಂಡು, ಕಲಶಸ್ಥಾಪನೆಗೆ ಪೆಂಡಾಲು, ಊರೂರಿಂದ ಬಸ್ಸು. ನಾಲ್ಕು ತಿಂಗಳು ಸುಮ್ಮನಿರಲೆಂದು ಒಂದೆಡೆ ನಿಂತ ಮುನಿಗಳ ಮುಂದೆ ಊರೇ ನಾಲ್ಕು ತಿಂಗಳು ಸುಮ್ಮನಿರದಂತಾಗುತ್ತದೆ. ಅವರ ಸಾಮಾಯಿಕದ ವೇಳೆಯಲ್ಲಿಯೂ ದರ್ಶನಕ್ಕೆಂದು ಬಾಗಿಲು ತಟ್ಟುವ ಗಣ್ಯರಿಗೆ ಟ್ರಸ್ಟಿನವರೇ ದಾರಿ ಮಾಡಿಕೊಡುತ್ತಾರೆ.

ಅಳತೆಯ ಮಾತು ಬಂದುದರಿಂದ ಇನ್ನೊಂದನ್ನೂ ಹೇಳಬಹುದು. ಜೊಯಿಡಾದ ಕುಣಬಿಗಳೂ, ಹಳಿಯಾಳದ ಕಡೆಯ ಸಿದ್ದಿಯರೂ ಹಾಡು ಕುಣಿತ ಬಲ್ಲ ಜನ. ಹೋಳಿ ಬಂದರೆ ಕುಣಬಿಗಳ ವಾದ್ಯ, ಸಿದ್ದಿಯರ ಡಮಾಮಿ ಕಾಡೆಲ್ಲ ಕೇಳಿಸುತ್ತದೆ. ಹಬ್ಬ ಮುಗಿಯಿತು, ವಾದ್ಯ ಗೋಡೆಗೆ ಏರಿತು. ಗೆಡ್ಡೆಗೆಣಸನ್ನೇ ನೆಚ್ಚಿದ ಕುಣಬಿಗಳ ಅಡುಗೆಯಿಂದ ಜೈನರು ದೂರವಿರಬಹುದು. ವಾದ್ಯವನ್ನು ಕೆಳಗಿಡುವ ವಿದ್ಯೆಯನ್ನಾದರೂ ಅವರಿಂದ ಕಲಿಯಬಹುದು.

ಬಸದಿಯ ಗದ್ದಲಕ್ಕಿಂತಲೂ ಹೆಚ್ಚು ಕೆಡುಕು ಮಾಡುತ್ತಿರುವುದು ಮನೆಯೊಳಗಿನ ತೀರ್ಪು. ಮಿತಭಾಷಿಯಾದ ಮಗು ಇಂದಿನ ಜೈನ ಕುಟುಂಬದಲ್ಲಿ ಒಂದು ಚಿಂತೆಯ ವಿಷಯವಾಗಿಬಿಟ್ಟಿದೆ. "ಹುಡುಗ ಒಳ್ಳೆಯವನೇ, ಆದರೆ ಬಾಯೇ ಇಲ್ಲ." "ನಾಲ್ಕು ಜನರಲ್ಲಿ ಬೆರೆಯುವುದಿಲ್ಲ." "ಯಾವಾಗ ನೋಡಿದರೂ ಮೂಲೆ ಹಿಡಿದು ಓದುತ್ತ ಕೂತಿರುತ್ತಾಳೆ, ಹೋದ ಮನೆಯಲ್ಲಿ ಹೇಗೆ ಬಾಳುತ್ತಾಳೋ." ಈ ಮಾತುಗಳನ್ನು ಮಗುವಿನ ಎದುರಿಗೇ, ಬಂದ ನೆಂಟರ ಮುಂದೆಯೇ ಆಡಲಾಗುತ್ತದೆ. ಬಳಿಕ ವ್ಯಕ್ತಿತ್ವ ವಿಕಾಸ ಶಿಬಿರ, ಭಾಷಣ ಸ್ಪರ್ಧೆ, ವೇದಿಕೆಗೆ ಬಲವಂತದ ಏರಿಕೆ. ಮಾತು ಬೆಳ್ಳಿ ಮೌನ ಬಂಗಾರವೆಂಬ ಗಾದೆಯನ್ನು ಮಕ್ಕಳು ಬಾಯಿಪಾಠ ಮಾಡುವುದೂ ಆ ಭಾಷಣ ಸ್ಪರ್ಧೆಗಾಗಿಯೇ. ವಧೂವರರ ಸಮಾವೇಶಗಳಲ್ಲಿ ಒಂದು ನಿಮಿಷದಲ್ಲಿ ತನ್ನನ್ನು ತಾನು ಹೊಗಳಿಕೊಳ್ಳಬಲ್ಲವನಿಗೆ ಸಂಬಂಧ ಕುದುರುತ್ತದೆ. ಧ್ವನಿವರ್ಧಕದ ಮುಂದೆ ತಡವರಿಸಿದ, ಸತ್ಯವಂತನೂ ದುಡಿಮೆಗಾರನೂ ಆದ ಹುಡುಗನು ಮುಂದಿನ ಸಮಾವೇಶಕ್ಕೆ ಕಾಯಬೇಕು.

ಹೀಗೆ ಬೆಳೆದ ಮಗುವಿಗೆ ತನ್ನ ಸ್ವಭಾವವೇ ಒಂದು ದೋಷವೆಂದು ಮನದಟ್ಟಾಗುತ್ತದೆ. ತನ್ನೊಡನೆ ತಾನಿರುವುದು ಅಪರಾಧವೆಂಬಂತೆ ಅದು ಬೆಳೆಯುತ್ತದೆ. ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಕಾರ್ಲ್ ಯುಂಗ್ 1921ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅಂತರ್ಮುಖ, ಬಹಿರ್ಮುಖವೆಂಬ ಎರಡು ಪ್ರವೃತ್ತಿಗಳನ್ನು ವಿವರಿಸಿದಾಗ ಎರಡನ್ನೂ ಆರೋಗ್ಯವಂತ ಮನುಷ್ಯನ ಸಹಜ ಪ್ರವೃತ್ತಿಗಳೆಂದೇ ಹೇಳಿದನು, ಒಂದನ್ನು ರೋಗವೆನ್ನಲಿಲ್ಲ. ಈ ಅರಿವಿಗೆ ಪಶ್ಚಿಮದತ್ತ ನೋಡಬೇಕಾದ ಅಗತ್ಯವೂ ಜೈನರಿಗೆ ಇರಲಿಲ್ಲ. ಕುಂದಕುಂದರಿಂದ ಮೊದಲ್ಗೊಂಡು ಪೂಜ್ಯಪಾದರವರೆಗೆ ಆಚಾರ್ಯರು ಆತ್ಮನನ್ನು ಬಹಿರಾತ್ಮ, ಅಂತರಾತ್ಮ, ಪರಮಾತ್ಮ ಎಂದು ಮೂರು ಬಗೆಯಾಗಿ ಹೇಳಿದ್ದಾರೆ. ಇದನ್ನು ತಪ್ಪಾಗಿ ಹಿಡಿಯಲೂಬಾರದು. ಮಾತುಗಾರನೆಲ್ಲ ಬಹಿರಾತ್ಮನಲ್ಲ, ಮಾತಾಡದವನೆಲ್ಲ ಅಂತರಾತ್ಮನಲ್ಲ. ದೇಹವನ್ನೇ ತಾನೆಂದು ಬಗೆದವನು ಬಹಿರಾತ್ಮ, ಅವನು ಮೂಕನೂ ಆಗಿರಬಹುದು. ಆದರೆ ಒಳಮುಖವಾಗುವುದೇ ದಾರಿಯೆಂದು ಹೇಳಿದ ಪರಂಪರೆಯ ಮನೆಯಲ್ಲಿ, ಸ್ವಭಾವತಃ ಒಳಮುಖವಾದ ಮಗುವನ್ನು ಕೊರತೆಯುಳ್ಳದ್ದೆಂದು ಕಾಣುವುದು ವಿಪರ್ಯಾಸವಲ್ಲದೆ ಮತ್ತೇನು?

ಇಲ್ಲಿ ಒಂದು ಆಕ್ಷೇಪಣೆ ಬರಬಹುದು, ಬರಲೂಬೇಕು. ಸುಮ್ಮನಿರುವುದನ್ನೆಲ್ಲ ಹೊಗಳಿದರೆ ಅನ್ಯಾಯಕ್ಕೆ ಪರದೆ ಎಳೆದಂತಾಗುವುದಿಲ್ಲವೆ? ಖಂಡಿತವಾಗಿ ಆಗುತ್ತದೆ. ಅತ್ತೆಮಾವಂದಿರ ಎದುರು ತುಟಿ ಬಿಚ್ಚಲಾರದ ಸೊಸೆಯದು ಮೌನವ್ರತವಲ್ಲ, ಭಯ. ಟ್ರಸ್ಟಿನ ಸಭೆಯಲ್ಲಿ ಲೆಕ್ಕ ಕೇಳಲು ಹಿಂಜರಿಯುವ ಬಡ ಸದಸ್ಯನದು ವಚನಗುಪ್ತಿಯಲ್ಲ, ದಾಕ್ಷಿಣ್ಯ. ನಿನ್ನೆಯವರೆಗೆ ನಗುತ್ತ ಆಡುತ್ತಿದ್ದ ಹುಡುಗಿ ಇದ್ದಕ್ಕಿದ್ದಂತೆ ಮಾತು ಬಿಟ್ಟು ಊಟ ನಿದ್ದೆಗಳನ್ನೂ ಬಿಟ್ಟರೆ ಅದು ಏಕಾಂತಪ್ರಿಯತೆಯಲ್ಲ. ಅವಳಿಗೆ ಏನಾಯಿತೆಂದು ವಿಚಾರಿಸುವುದು, ಬೇಕಾದರೆ ವೈದ್ಯರ ನೆರವು ಪಡೆಯುವುದು ಹಿರಿಯರ ಕರ್ತವ್ಯ. ಸುಳ್ಳಿನೆದುರು ಆಡಬೇಕಾದ ಮಾತನ್ನು ಆಡದಿರುವುದನ್ನು ಜೈನಧರ್ಮ ಎಂದೂ ಮೌನವೆಂದು ಕರೆದಿಲ್ಲ. ಗುಪ್ತಿಯ ಜೊತೆಗೆ ಭಾಷಾಸಮಿತಿಯನ್ನೂ ಹೇಳಿರುವುದು ಇದಕ್ಕಾಗಿಯೇ: ಸುಮ್ಮನಿರಬಲ್ಲವನಾಗು, ಆಡಬೇಕಾದಾಗ ಹಿತವಾಗಿ, ಮಿತವಾಗಿ, ಅಳುಕದೆ ಆಡು. ವಿಚಿತ್ರವೆಂದರೆ ಸದಾ ಗದ್ದಲವಿರುವ ಮನೆಗಳಲ್ಲಿಯೇ ಇಂಥ ಭಯದ ಮೌನ ಯಾರ ಕಿವಿಗೂ ಬೀಳುವುದಿಲ್ಲ. ನಿಶ್ಶಬ್ದವನ್ನು ಬಲ್ಲ ಮನೆಗೆ ಮಾತ್ರ ಯಾರೋ ಒಬ್ಬರು ಅಳುತ್ತಿರುವುದು ಕೇಳಿಸುತ್ತದೆ.

ವಾತ್ಸಲ್ಯವೂ ಸಮ್ಯಕ್ತ್ವದ ಅಂಗವಲ್ಲವೆ, ಕೂಡಿ ಬಾಳದೆ ಸಂಘ ಉಳಿದೀತೆ ಎಂದು ಇನ್ನು ಕೆಲವರು ಕೇಳುತ್ತಾರೆ. ವಾತ್ಸಲ್ಯವೆಂದರೆ ಸಹಧರ್ಮಿಯನ್ನು ಅವನಿರುವಂತೆಯೇ ಅಕ್ಕರೆಯಿಂದ ಕಾಣುವುದು. ಕುಣಿಯಲಾರದವನನ್ನು ಎಳೆದು ಕುಣಿಸುವುದರಲ್ಲಿ ಯಾವ ವಾತ್ಸಲ್ಯವಿದೆಯೋ ತಿಳಿಯದು.

ವ್ಯಾಪಾರ ವ್ಯವಹಾರದ ಸಮಾಜಕ್ಕೆ ಏಕಾಂತ ಎಟುಕದೆಂಬ ಮಾತಂತೂ ಶುದ್ಧ ಆಲಸ್ಯದ್ದು. ಶ್ರೀಮದ್ ರಾಜಚಂದ್ರರು ಮುಂಬಯಿಯಲ್ಲಿ ವಜ್ರಮುತ್ತುಗಳ ವ್ಯಾಪಾರ ಮಾಡುತ್ತಿದ್ದ ಗೃಹಸ್ಥರು. ಬಿಡುವಾದಾಗಲೆಲ್ಲ ಗುಜರಾತಿನ ಈಡರದಂಥ ಬೆಟ್ಟ ಕಾಡುಗಳ ನಿರ್ಜನ ಸ್ಥಳಗಳಿಗೆ ಹೋಗಿ ಇರುತ್ತಿದ್ದರು. ಅವರಿಂದ ಗಾಢವಾಗಿ ಪ್ರಭಾವಿತರಾದ ಗಾಂಧೀಜಿಯವರು ದೇಶದ ಭಾರವನ್ನೆಲ್ಲ ಹೊತ್ತಿದ್ದಾಗಲೂ ಸೋಮವಾರದ ಮೌನವನ್ನು ಪಾಲಿಸಿದರು. ಬೆಳಗಾವಿ ಸೀಮೆಯಲ್ಲಿಯೇ ಬೆಳೆದ ಆಚಾರ್ಯ ಶಾಂತಿಸಾಗರರು ಕೊಣ್ಣೂರಿನ ಗುಹೆಯಲ್ಲಿ ಒಬ್ಬರೇ ಧ್ಯಾನಕ್ಕೆ ಕುಳಿತದ್ದನ್ನು ಆ ಭಾಗದ ಹಿರಿಯರು ಇಂದಿಗೂ ಹೇಳುತ್ತಾರೆ. ಉತ್ತರ ಕನ್ನಡದ ಹಾಡುವಳ್ಳಿಯ ಪರಂಪರೆಗೆ ಸೇರಿದ ಭಟ್ಟಾಕಳಂಕನು 592 ಸೂತ್ರಗಳಲ್ಲಿ ಕನ್ನಡಕ್ಕೆ ವ್ಯಾಕರಣ ಬರೆದು 1604ರಲ್ಲಿ ಮುಗಿಸಿದನು. ಅಂಥ ಕೆಲಸ ನಡೆಯಬೇಕಾದರೆ ಆ ಪಂಡಿತನನ್ನು ಯಾರೂ ದಿನಕ್ಕೆ ಮೂರು ಸಲ ವೇದಿಕೆಗೆ ಕರೆಯದಿರಬೇಕಾಗುತ್ತದೆ.

ಇನ್ನು ಟ್ರಸ್ಟುಗಳ ಮಾತು. ಲಕ್ಷಾಂತರ ರೂಪಾಯಿ ವೆಚ್ಚದಲ್ಲಿ ಕಲ್ಯಾಣಮಂಟಪ, ಭೋಜನಶಾಲೆ, ಯಾತ್ರಿನಿವಾಸಗಳು ಏಳುತ್ತಿವೆ. ಸಾಮಾಯಿಕವು ಶ್ರಾವಕನ ಶಿಕ್ಷಾವ್ರತಗಳಲ್ಲಿ ಒಂದು. ಒಮ್ಮೆಗೆ 48 ನಿಮಿಷ, ಒಂದು ಮುಹೂರ್ತ. ಆ 48 ನಿಮಿಷ ಯಾರ ಸದ್ದೂ ಇಲ್ಲದೆ ಕುಳಿತುಕೊಳ್ಳಲು ಒಂದು ಕೋಣೆಯನ್ನು ಎಷ್ಟು ಬಸದಿಗಳು ಕಟ್ಟಿಸಿವೆ? ಅದಕ್ಕೆ ಶಿಲ್ಪಿ ಬೇಡ, ಅಮೃತಶಿಲೆ ಬೇಡ. ನಾಲ್ಕು ಗೋಡೆ, ಒಂದು ಚಾಪೆ, ಬಾಗಿಲ ಮೇಲೆ "ಇಲ್ಲಿ ಮಾತು ಬೇಡ" ಎಂಬ ಹಲಗೆ ಸಾಕು. ದಾನಿಯ ಹೆಸರಿನ ಫಲಕವೂ ಅಲ್ಲಿ ಇರಕೂಡದು, ಬಹುಶಃ ಆ ಕಾರಣಕ್ಕೇ ಅದು ಇನ್ನೂ ಎದ್ದಿಲ್ಲ.

ಧ್ವನಿವರ್ಧಕದ ವಿಷಯದಲ್ಲಿ ದೇಶದ ಕಾನೂನೂ ಸ್ಪಷ್ಟವಾಗಿದೆ. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕವನ್ನು ನಿಷೇಧಿಸಿವೆ. ವಸತಿ ಪ್ರದೇಶದಲ್ಲಿ ಹಗಲಿಗೆ 55, ರಾತ್ರಿಗೆ 45 ಡೆಸಿಬೆಲ್ ಮಿತಿಯನ್ನು ಗೊತ್ತುಪಡಿಸಿವೆ. ಅದೇ ವರ್ಷ ಸುಪ್ರೀಂ ಕೋರ್ಟು, ಇತರರ ಶಾಂತಿಯನ್ನು ಕದಡಿ ಪ್ರಾರ್ಥಿಸಬೇಕೆಂದು ಯಾವ ಧರ್ಮವೂ ವಿಧಿಸಿಲ್ಲವೆಂದು ತೀರ್ಪಿನಲ್ಲಿ ಹೇಳಿತು. ಅದು ಬೇರೊಂದು ಧರ್ಮದವರ ಪ್ರಕರಣ. ಆದರೆ ಅಹಿಂಸೆಯನ್ನೇ ಪರಮಧರ್ಮವೆನ್ನುವವರು ಇದನ್ನು ನ್ಯಾಯಾಲಯದಿಂದ ಕೇಳಿ ತಿಳಿಯಬೇಕಾಗಿ ಬಂದದ್ದು ಹೆಮ್ಮೆಯ ಸಂಗತಿಯಲ್ಲ. ಕೋರ್ಟು ಹೇಳಿದ್ದು ನೆರೆಯ ಮನುಷ್ಯನ ಪರವಾಗಿ. ಜೊಯಿಡಾದಂಥ ಕಡೆಗೆ ಪ್ರವಾಸ ಹೊರಡುವ ಕುಟುಂಬವು ನೆರೆಯ ಹಕ್ಕಿಯ ಪರವಾಗಿಯೂ ಅದನ್ನು ಓದಿಕೊಳ್ಳಬೇಕು. ಕೋಣೆ ಗೊತ್ತುಮಾಡುವಾಗ ಈರುಳ್ಳಿ ಬೇಡವೆಂದು ಹೇಳುವ ಉಸಿರಿನಲ್ಲಿಯೇ ಧ್ವನಿಪೆಟ್ಟಿಗೆಯೂ ಬೇಡವೆಂದು ಹೇಳಬೇಕು.

ಊರಿನ ಬಸದಿಗಳಲ್ಲಿ ಕೆಲಸ ಇನ್ನೂ ಸುಲಭ. ಸವಾಲನ್ನು ಬಿಡಲಾಗದಿದ್ದರೆ ಹಿಂದಿನ ದಿನವೇ ಚೀಟಿಯಲ್ಲಿ ಬರೆದು ಮುಗಿಸಬಹುದು. ಅಭಿಷೇಕದ ಹೊತ್ತಿನಲ್ಲಿ ಮಂತ್ರವಲ್ಲದೆ ಬೇರೊಂದು ಧ್ವನಿ ಇರಬಾರದೆಂದು ಗೊತ್ತುಮಾಡಬಹುದು. ಮಕ್ಕಳ ಸ್ಪರ್ಧೆಗಳಲ್ಲಿ ಭಾಷಣದ ಜೊತೆಗೆ, ಮಾತನಾಡದೆ ಒಂದು ಮುಹೂರ್ತ ಕುಳಿತ ಮಗುವಿಗೂ ಬಹುಮಾನವಿಡಬಹುದು. ಅದರ ಹೆಸರನ್ನು ಕೂಗದೆ ಕೈಯಲ್ಲಿ ಕೊಟ್ಟರಾಯಿತು. ಮತ್ತು ಪ್ರತಿಯೊಂದು ಟ್ರಸ್ಟೂ ತನ್ನ ವಾರ್ಷಿಕ ವರದಿಯಲ್ಲಿ, ಸವಾಲಿನಿಂದ ಬಂದ ಮೊತ್ತವನ್ನು ಅಚ್ಚುಮಾಡುವ ಪುಟದಲ್ಲಿಯೇ, ಎರಡು ಅಂಕಿಗಳನ್ನು ಸೇರಿಸಲಿ: ಕಳೆದ ದಶಲಕ್ಷಣದಲ್ಲಿ ಧ್ವನಿವರ್ಧಕ ನಡೆದದ್ದು ಎಷ್ಟು ಗಂಟೆ, ಬಸದಿಯ ಬಾಗಿಲು ನಿಶ್ಶಬ್ದ ಸಾಮಾಯಿಕಕ್ಕೆಂದು ತೆರೆದಿದ್ದದ್ದು ಎಷ್ಟು ಗಂಟೆ.